ನಿಮ್ಮ ಪ್ಲೇಲಿಸ್ಟ್‌ನಲ್ಲಿ ಐದನೇ ಹಾಡು ಯಾಕಿದೆ?

ಪ್ಲೇಲಿಸ್ಟ್ ಲಿಂಕ್ ಕಳಿಸುವುದು ಈಗ ಹುಟ್ಟುಹಬ್ಬಕ್ಕೆ ಕೇಕ್ ಇಮೋಜಿ ಕಳಿಸಿದಷ್ಟೇ ಸುಲಭ. ‘ನನ್ನ ಮಳೆಗಾಲದ ಪಟ್ಟಿ, ಕೇಳಿ ನೋಡಿ’ ಅಂತ ಒಬ್ಬರು ಗ್ರೂಪಿಗೆ ಹಾಕುತ್ತಾರೆ. ಐದು ಜನ ಹೆಬ್ಬೆರಳು ಎತ್ತುತ್ತಾರೆ, ಇಬ್ಬರು ಕೆಂಪು ಹೃದಯ ಒತ್ತುತ್ತಾರೆ, ಒಬ್ಬರು ‘ಸೂಪರ್ ಕಲೆಕ್ಷನ್’ ಅಂತಾರೆ. ಕೇಳಿದವರು ಎಷ್ಟು ಜನ? ಕಳಿಸಿದವರು ಮಾತ್ರ. ಅವರೂ ಮೂರನೇ ಹಾಡಿನ ತನಕ.

ಊಟಕ್ಕೆ ಕರೆದವರ ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿಯಿದ್ದರೂ ‘ಚೆನ್ನಾಗಿದೆ’ ಅನ್ನುವ ಸಂಕೋಚದ ಜನ ನಾವು. ಅದೇ ಸಂಕೋಚ ಹಾಡಿನ ವಿಷಯದಲ್ಲೂ ಬಂದುಬಿಟ್ಟಿದೆ. ಆದರೆ ಅಡುಗೆ ಮಾಡಿದವರಿಗೆ ಗೊತ್ತಿರುತ್ತದೆ: ‘ಚೆನ್ನಾಗಿದೆ’ ಅಂದವರಿಗಿಂತ ‘ಇನ್ನೊಂದು ಚೂರು ಹುಳಿ ಬೇಕಿತ್ತು’ ಅಂದವರೇ ನಿಜವಾಗಿ ರುಚಿ ನೋಡಿದವರು.

ಈ ಮಾತು ಹಾಡಿನ ಪಟ್ಟಿಗೂ ಹೊಂದುತ್ತದೆ ಅಂತ ನಾನು ಕಲಿತಿದ್ದು ಒಂದು ಸಣ್ಣ ಗುಂಪಿನಲ್ಲಿ. ನಾವು ಒಂಬತ್ತು ಜನ. ಸಾಫ್ಟ್‌ವೇರಿನವರು, ಒಬ್ಬ ಫಿಸಿಯೋಥೆರಪಿಸ್ಟ್, ಒಬ್ಬ ಲೆಕ್ಕಪರಿಶೋಧಕಿ, ಪುಣೆಯಿಂದ ವಿಡಿಯೋ ಕಾಲ್‌ನಲ್ಲಿ ಕೂರುವ ಒಬ್ಬ ಹುಡುಗಿ, ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು. ಅವರನ್ನು ಎಲ್ಲರೂ ‘ಸಾರ್’ ಅಂತಲೇ ಕರೆಯುವುದು. ನಮ್ಮನ್ನು ಸೇರಿಸಿದ್ದು ಹಳೇ ಕನ್ನಡ ಸಿನಿಮಾ ಹಾಡುಗಳ ಹುಚ್ಚು. ತಿಂಗಳ ಕೊನೆಯ ಭಾನುವಾರ ಯಾರಾದರೊಬ್ಬರ ಮನೆ, ಚೌಚೌ ಭಾತ್, ಎರಡು ರೌಂಡ್ ಕಾಫಿ. ಆ ತಿಂಗಳ ಸರದಿ ಇದ್ದವರು ವಾರದ ಮೊದಲೇ ಒಂದು ಪಟ್ಟಿ ಕಳಿಸಿರಬೇಕು. ಉಳಿದವರು ಅದನ್ನು ಮೊದಲಿಂದ ಕೊನೆತನಕ, ಕಳಿಸಿದ ಕ್ರಮದಲ್ಲೇ, ಕೇಳಿ ಬರಬೇಕು. ಬಂದ ಮೇಲೆ ಬಾಯಿ ಬಿಡಬೇಕು.

ಹನ್ನೆರಡೇ ಯಾಕೆ?

ನಮ್ಮ ಮೊದಲ ನಿಯಮ: ಹನ್ನೆರಡು ಹಾಡು. ಹದಿಮೂರು ಇಲ್ಲ. ಹೊಸದಾಗಿ ಸೇರಿದವರು ಎಲ್ಲರೂ ಇದಕ್ಕೆ ತಕರಾರು ತೆಗೆಯುತ್ತಾರೆ. ‘ಗುರು, ಆ್ಯಪ್‌ನಲ್ಲಿ ಸಾವಿರಾರು ಹಾಡು ಹಾಕಬಹುದು, ನೀವ್ಯಾಕೆ ಹನ್ನೆರಡಕ್ಕೆ ನಿಲ್ಲಿಸ್ತೀರಾ?’

ಅದಕ್ಕೆ ಸಾರ್ ಕೊಡುವ ಉತ್ತರ ಕ್ಯಾಸೆಟ್ ಕಾಲದ್ದು. ಫಿಲಿಪ್ಸ್ ಕಂಪನಿ ಕಾಂಪ್ಯಾಕ್ಟ್ ಕ್ಯಾಸೆಟ್ಟನ್ನು ಜಗತ್ತಿಗೆ ತೋರಿಸಿದ್ದು 1963ರಲ್ಲಿ, ಬರ್ಲಿನ್‌ನ ರೇಡಿಯೋ ಪ್ರದರ್ಶನದಲ್ಲಿ. ಅದು ನಮ್ಮೂರುಗಳ ಮನೆ ಮನೆಗೆ ಬಂದ ಮೇಲೆ, ಖಾಲಿ ಕ್ಯಾಸೆಟ್ಟಿಗೆ ಬೇಕಾದ ಹಾಡು ತುಂಬಿಸಿ ಕೊಡುವ ಅಂಗಡಿಗಳೂ ಬಂದವು. ನೀವು ಒಂದು ಚೀಟಿಯಲ್ಲಿ ಹಾಡುಗಳ ಪಟ್ಟಿ ಬರೆದು ಕೊಡಬೇಕು. ಅಂಗಡಿಯವನು ತನ್ನಲ್ಲಿದ್ದ ರೆಕಾರ್ಡುಗಳಿಂದ ತುಂಬಿಸಿ ಕೊಡುತ್ತಿದ್ದ. ಸಿ-60 ಅಂದರೆ ಒಂದು ಬದಿಗೆ 30 ನಿಮಿಷ. ಸಿ-90 ಅಂದರೆ 45 ನಿಮಿಷ. ಮೂರೂವರೆ, ನಾಲ್ಕು ನಿಮಿಷದ ಹಾಡುಗಳಾದರೆ ಸಿ-60ರ ಒಂದು ಬದಿಯಲ್ಲಿ ಏಳೆಂಟು ಹಿಡಿಯುತ್ತವೆ. ಲೆಕ್ಕ ತಪ್ಪಿದರೆ ಕೊನೆಯ ಹಾಡು ಎರಡನೇ ಚರಣದಲ್ಲಿ ಕಟ್.

‘ಹಾಗಾಗಿ ಚೀಟಿ ಬರೆಯೋಕೆ ಒಂದು ವಾರ ತಗೋತಿದ್ವಿ. ಒಂದು ಹಾಡು ಒಳಗೆ ಬರಬೇಕು ಅಂದ್ರೆ ಇನ್ನೊಂದು ಹೊರಗೆ ಹೋಗ್ಬೇಕು. ಆ ಹೊರಗೆ ಹೋದ ಹಾಡಿನ ಸಂಕಟ ಇದೆಯಲ್ಲ, ಅದೇ ಪಟ್ಟಿ’ ಅಂತಾರೆ ಸಾರ್.

ಕ್ಯಾಸೆಟ್ ತುಂಬಿದ ಮೇಲೆ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿಗಳನ್ನು ಮುರಿದುಬಿಟ್ಟರೆ ಅದರ ಮೇಲೆ ಯಾರೂ ಮತ್ತೆ ರೆಕಾರ್ಡ್ ಮಾಡುವಂತಿಲ್ಲ. ಮುರಿದ ಜಾಗಕ್ಕೆ ಸೆಲ್ಲೋಟೇಪ್ ಅಂಟಿಸಿದರೆ ಮಾಡಬಹುದು. ಅಣ್ಣತಮ್ಮಂದಿರ ಜಗಳಗಳು ಎಷ್ಟೋ ಈ ಸೆಲ್ಲೋಟೇಪಿನಿಂದಲೇ ಶುರುವಾಗಿದ್ದವಂತೆ. ಆಮೇಲೆ ಸಿ.ಡಿ. ಬಂತು, ಖಾಲಿ ತಟ್ಟೆಗೆ 80 ನಿಮಿಷದ ಹಾಡು. ಅದೇ 700 ಎಂ.ಬಿ. ತಟ್ಟೆಗೆ ಎಂಪಿ3 ಹಾಕಿದರೆ ನೂರೈವತ್ತರ ಹತ್ತಿರ ಹಾಡು. ಸಂಕಟ ಅಲ್ಲಿಗೆ ಮುಗಿಯಿತು. 2019ರ ಫೆಬ್ರವರಿಯಲ್ಲಿ ಸ್ಪಾಟಿಫೈ ಭಾರತಕ್ಕೆ ಬಂತು, ಅದಕ್ಕೆ ಮೊದಲೇ ಗಾನಾ, ಸಾವನ್ ಇದ್ದವು. ಈಗ ಎಲ್ಲ ಹಾಡೂ ಜೇಬಿನಲ್ಲಿದೆ. ಆಯ್ಕೆ ಮಾಡಬೇಕಾದ ಒತ್ತಡವೇ ಇಲ್ಲ. ಆ ಒತ್ತಡವನ್ನು ನಾವೇ ಬೇಕಂತ ತಂದುಕೊಂಡಿದ್ದೇವೆ, ಅಷ್ಟೇ.

ಒಂದು ಇರಲಿ, ಒಂದು ಹೋಗಲಿ, ಒಂದು ಜಾಗ ಬದಲಾಗಲಿ

ಎರಡನೇ ನಿಯಮ ವಿಮರ್ಶೆಯದ್ದು. ಪ್ರತಿಯೊಬ್ಬರೂ ಮೂರು ಮಾತು ಹೇಳಲೇಬೇಕು. ಈ ಪಟ್ಟಿಯಲ್ಲಿ ಯಾವ ಹಾಡು ಇರಲೇಬೇಕು? ಯಾವ ಹಾಡು ಹೋದರೆ ನಡೆಯುತ್ತೆ? ಯಾವ ಹಾಡಿನ ಜಾಗ ಬದಲಾಗಬೇಕು? ಮೂರಕ್ಕೂ ಕಾರಣ ಕೊಡಬೇಕು. ‘ನಂಗೆ ಯಾಕೋ ಇಷ್ಟ ಆಗ್ಲಿಲ್ಲ’ ಅನ್ನುವುದು ಕಾರಣ ಅಲ್ಲ.

ಈ ನಿಯಮ ಮೊದಲು ಇರಲಿಲ್ಲ. ಶುರುವಿನ ದಿನಗಳಲ್ಲಿ ಬಾಯಿಗೆ ಬಂದಿದ್ದು ಹೇಳುವುದೇ ವಿಮರ್ಶೆಯಾಗಿತ್ತು. ಒಂದು ಸಲ ಗುಂಪಿನ ಒಬ್ಬ, ತೊಂಬತ್ತರ ದಶಕದ ಹಾಡುಗಳ ಪಟ್ಟಿ ತಂದಿದ್ದ ಗೆಳೆಯನಿಗೆ, ‘ಇದೆಲ್ಲ ಆಟೋದಲ್ಲಿ ಕೇಳೋ ಹಾಡು, ನಿಂಗೆ ಟೇಸ್ಟೇ ಇಲ್ಲ ಬಿಡು’ ಅಂದ. ಎಲ್ಲರೂ ನಕ್ಕರು. ಪಟ್ಟಿ ತಂದವನೂ ನಕ್ಕ. ಮುಂದಿನ ತಿಂಗಳು ಅವನು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಫೋನ್ ಮಾಡಿದರೆ ‘ಕೆಲಸ ಜಾಸ್ತಿ ಮಾರಾಯಾ’ ಅಂದ. ಬಹಳ ದಿನ ಆದಮೇಲೆ ಗೊತ್ತಾಯಿತು, ಅವನ ಅಪ್ಪ ಆಟೋ ಓಡಿಸುತ್ತಿದ್ದರು. ಆ ಹಾಡುಗಳನ್ನು ಅವನು ಕೇಳಿ ಬೆಳೆದದ್ದೇ ಆ ಆಟೋದ ಹಿಂದಿನ ಸೀಟಿನಲ್ಲಿ.

ಆಮೇಲೆ ಹುಟ್ಟಿದ ಕಟ್ಟಳೆ ಇದು: ಹಾಡಿನ ಜಾಗದ ಬಗ್ಗೆ ಮಾತಾಡು, ಹಾಡು ತಂದವರ ರುಚಿಯ ಬಗ್ಗೆ ಅಲ್ಲ. ಅವನು ಮತ್ತೆ ಬಂದ. ಬಂದವನು ಅದೇ ಪಟ್ಟಿಯನ್ನೇ ಮತ್ತೆ ತಂದ, ‘ಹಿಂದಿನ ಸೀಟು’ ಅಂತ ಹೆಸರಿಟ್ಟು. ಈ ಸಲ ಹಂಸಲೇಖರ ಹಾಡುಗಳಲ್ಲಿ ತಾಳವಾದ್ಯಗಳು ಹೇಗೆ ಕೂತಿವೆ, ಮಾತಿನ ಓಟವೇ ಹೇಗೆ ರಾಗದ ಓಟ ಆಗುತ್ತೆ ಅಂತ ಅರ್ಧ ಗಂಟೆ ಚರ್ಚೆಯಾಯಿತು. 1987ರ ‘ಪ್ರೇಮಲೋಕ’ ಬಂದಮೇಲೆ ಕನ್ನಡ ಸಿನಿಮಾ ಹಾಡಿನ ಭಾಷೆಯೇ ಹೇಗೆ ಬೀದಿಗೆ, ಕಾಲೇಜಿನ ಕಾರಿಡಾರಿಗೆ ಇಳಿಯಿತು ಅಂತ ಸಾರ್ ಒಪ್ಪಿಕೊಂಡರು. ‘ಆಟೋದಲ್ಲಿ ಕೇಳೋ ಹಾಡು’ ಅನ್ನೋದು ಬೈಗುಳ ಅಲ್ಲ, ವಿಳಾಸ.

ಕ್ರಮ ಅನ್ನೋದು ಸುಮ್ಮನೆ ಅಲ್ಲ

ಹೊಸಬರ ಪಟ್ಟಿಗಳಲ್ಲಿ ಹಾಡುಗಳು ಒಳ್ಳೆಯವೇ ಇರುತ್ತವೆ, ಕ್ರಮ ಇರುವುದಿಲ್ಲ. ನೆನಪಾದ ಹಾಗೆ ಒತ್ತುತ್ತಾ ಹೋಗಿರುತ್ತಾರೆ. ‘ಹೇಗೂ ಶಫಲ್ ಹಾಕಿ ಕೇಳೋದಲ್ವಾ?’ ಅನ್ನುವ ವಾದ ಬೇರೆ. ಅಂಥವರಿಗೆ ನಾವು ಇಂಗ್ಲೆಂಡಿನ ಗಾಯಕಿ ಅಡೆಲ್ ಅವರ ಕಥೆ ಹೇಳುತ್ತೇವೆ. 2021ರ ನವೆಂಬರಿನಲ್ಲಿ ಅವರ ‘30’ ಆಲ್ಬಂ ಬಂದಾಗ, ಹಾಡುಗಳನ್ನು ನಾವು ಯೋಚಿಸಿ ಜೋಡಿಸಿರುತ್ತೇವೆ, ಆ ಕ್ರಮದಲ್ಲೇ ಕೇಳಬೇಕು ಅಂತ ಅವರು ಒತ್ತಾಯಿಸಿದರು. ಸ್ಪಾಟಿಫೈ ಆಲ್ಬಂ ಪುಟಗಳಲ್ಲಿ ತಾನಾಗಿಯೇ ಬರುತ್ತಿದ್ದ ಶಫಲ್ ಗುಂಡಿಯನ್ನು ಬದಲಾಯಿಸಿತು.

ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಸಂಗೀತ ಕಚೇರಿಯನ್ನೇ ನೋಡಿ. ಇವತ್ತು ನಾವು ಕೇಳುವ ಕಚೇರಿಯ ಕ್ರಮವನ್ನು ರೂಪಿಸಿದ ಹಿರಿಮೆ ಅರಿಯಕುಡಿ ರಾಮಾನುಜ ಅಯ್ಯಂಗಾರ್ ಅವರದು. ಮೊದಲು ವರ್ಣ, ಗಂಟಲು, ಕಿವಿ ಎರಡೂ ಬಿಸಿಯಾಗಲಿ ಅಂತ. ಆಮೇಲೆ ಚುರುಕಾದ ಚಿಕ್ಕ ಕೃತಿಗಳು. ನಡುವೆ ದೊಡ್ಡ ರಾಗ, ನೆರವಲ್, ಸ್ವರ, ತನಿ ಆವರ್ತನ. ಅಷ್ಟು ಭಾರ ಹೊತ್ತ ಮೇಲೆ ದೇವರನಾಮ, ಜಾವಳಿ, ತಿಲ್ಲಾನ ಅಂತ ಹಗುರ. ಕೊನೆಗೆ ಮಂಗಳ. ಮಂಗಳವನ್ನು ಮೊದಲು ಹಾಡಿ ವರ್ಣವನ್ನು ಕೊನೆಗೆ ಹಾಡಿದರೆ? ಹಾಡುಗಳು ಅವೇ, ಕಚೇರಿ ಅದಲ್ಲ.

ಹನ್ನೆರಡು ಹಾಡಿನ ಪಟ್ಟಿಗೂ ನಾವು ಇದೇ ಲೆಕ್ಕ ಇಟ್ಟುಕೊಳ್ಳುತ್ತೇವೆ. ಮೊದಲ ಹಾಡು ಬಾಗಿಲು ತೆಗೆಯಬೇಕು. ಎಲ್ಲರಿಗೂ ಗೊತ್ತಿರುವ ಹಾಡೇ ಆದರೂ ಪರವಾಗಿಲ್ಲ. ಎರಡು, ಮೂರು ಕೇಳುಗರನ್ನು ಕೂರಿಸಬೇಕು. ಐದನೆಯದು ಪರೀಕ್ಷೆಯ ಜಾಗ. ಅಲ್ಲಿ ಕೇಳುಗರ ಕೈ ಫೋನಿನ ಕಡೆ ಹೋಗಲು ಶುರುವಾಗುತ್ತೆ. ಆದ್ದರಿಂದ ನಮ್ಮಲ್ಲಿ ಯಾರ ಪಟ್ಟಿ ಬಂದರೂ ಮೊದಲ ಪ್ರಶ್ನೆ ಒಂದೇ: ‘ಐದನೇ ಹಾಡು ಇಲ್ಲಿ ಯಾಕಿದೆ?’ ಉತ್ತರ ಇದ್ದರೆ ಪಟ್ಟಿ ಗಟ್ಟಿ. ‘ಹಾಗೇ ಹಾಕಿದೆ’ ಅಂದರೆ ಉಳಿದಿದ್ದೂ ಹಾಗೇ ಹಾಕಿದ್ದು ಅಂತ ಅರ್ಥ.

ಏಳು, ಎಂಟು ಭಾರದ ಹಾಡಿನ ಜಾಗ. ಹನ್ನೊಂದನೆಯದು ಅಚ್ಚರಿ. ಹನ್ನೆರಡನೆಯದು ಮುಗಿದ ಮೇಲೆ ಒಂದು ನಿಮಿಷ ಸುಮ್ಮನೆ ಕೂರುವಂತಿರಬೇಕು.

ಕಿವಿಗೆ ಹೊಡೆಯದ ಹಾಗೆ

ಜಾಗದ ಜೊತೆ ಇನ್ನೊಂದು ಗುಟ್ಟು, ಎರಡು ಹಾಡುಗಳ ನಡುವಿನ ಸಂದಿ. ಒಬ್ಬ ಗೆಳತಿ ‘ಮಳೆ’ ಅನ್ನುವ ಪಟ್ಟಿ ತಂದಿದ್ದಳು. ಅದರಲ್ಲಿ 1969ರ ‘ಗೆಜ್ಜೆ ಪೂಜೆ’ಯ ಒಂದು ಹಾಡಿನ ಬೆನ್ನಿಗೇ ತೀರಾ ಇತ್ತೀಚಿನ ಒಂದು ಹಾಡು. ಮೊದಲನೆಯದು ವಿಜಯಭಾಸ್ಕರ್ ಅವರದು, ವಾದ್ಯ ಕಡಿಮೆ, ದನಿ ಹತ್ತಿರ. ಎರಡನೆಯದರಲ್ಲಿ ಮೊದಲ ಸೆಕೆಂಡಿಗೇ ಬಾಸ್ ಎದೆಗೆ ಗುದ್ದುತ್ತೆ. ಇಯರ್‌ಫೋನ್ ಹಾಕಿಕೊಂಡು ಮೆಟ್ರೋದಲ್ಲಿ ಕೇಳುತ್ತಿದ್ದ ಒಬ್ಬ ಬೆಚ್ಚಿಬಿದ್ದನಂತೆ.

ಇದಕ್ಕೆ ಕಾರಣ ಇದೆ. ಹಳೆಯ ಧ್ವನಿಮುದ್ರಣಗಳಲ್ಲಿ ಮೆಲ್ಲಗಿನ ಸದ್ದಿಗೂ ಜೋರಿನ ಸದ್ದಿಗೂ ನಡುವೆ ಅಂತರ ಜಾಸ್ತಿ. ಈಗಿನ ಹಾಡುಗಳನ್ನು ಮೊದಲಿಂದ ಕೊನೆತನಕ ಒಂದೇ ಸಮನೆ ಜೋರಾಗಿ ಒತ್ತಿ ಸಿದ್ಧಮಾಡಿರುತ್ತಾರೆ. ಆ್ಯಪ್‌ಗಳ ಸೆಟ್ಟಿಂಗಿನಲ್ಲಿ ಹಾಡುಗಳ ಸದ್ದನ್ನು ಸಮ ಮಾಡುವ ಆಯ್ಕೆ ಇದೆ, ಅದನ್ನು ಆನ್ ಮಾಡಿದರೆ ಸ್ವಲ್ಪ ಸರಿಹೋಗುತ್ತೆ. ಆದರೆ ಸದ್ದು ಸಮ ಆದರೂ ಹಾಡಿನ ಮೈಕಟ್ಟು ಸಮ ಆಗುವುದಿಲ್ಲ. ನಡುವೆ ಒಂದು ಸೇತುವೆ ಹಾಡು ಬೇಕು. ಆ ಪಟ್ಟಿಗೆ ನಮ್ಮ ಫಿಸಿಯೋಥೆರಪಿಸ್ಟ್ ಸೂಚಿಸಿದ್ದು 1983ರ ‘ಪಲ್ಲವಿ ಅನುಪಲ್ಲವಿ’. ಮಣಿರತ್ನಂ ಅವರ ಮೊದಲ ಸಿನಿಮಾ, ಇಳಯರಾಜ ಸಂಗೀತ. ಅದರ ಒಂದು ಸಂಗೀತದ ತುಣುಕು ಎಷ್ಟೋ ವರ್ಷದ ಮೇಲೆ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಮನೆಮಾತಾಯಿತು. ಹಳೆಯದರ ಮೃದುತನ, ಹೊಸದರ ಗಿಟಾರ್ ಎರಡೂ ಅಲ್ಲಿದೆ. ಹಾಕಿ ಕೇಳಿದೆವು. ಬೆಚ್ಚುವುದು ತಪ್ಪಿತು.

ಶ್ರುತಿಯೂ ಅಷ್ಟೇ. ಒಂದು ಹಾಡು ನಿಂತ ಶ್ರುತಿಗೂ ಮುಂದಿನದು ಶುರುವಾಗುವ ಶ್ರುತಿಗೂ ಕೂದಲೆಳೆಯ ಅಂತರ ಇದ್ದರೆ, ಕೇಳುವವರಿಗೆ ಕಾರಣ ಗೊತ್ತಾಗದಿದ್ದರೂ ಏನೋ ಕಸಿವಿಸಿ. ಒಂದೋ ಶ್ರುತಿ ಒಂದೇ ಇರಬೇಕು, ಇಲ್ಲಾ ಚೆನ್ನಾಗಿ ದೂರ ಇರಬೇಕು. ಸಂಗೀತ ಕಲಿಯದವರೂ ಇದನ್ನು ಪರೀಕ್ಷೆ ಮಾಡಬಹುದು. ಮೊದಲ ಹಾಡಿನ ಕೊನೆಯ ಸ್ವರವನ್ನು ಬಾಯಲ್ಲಿ ಗುಂಯ್ ಅನ್ನಿಸುತ್ತಾ ಮುಂದಿನದನ್ನು ಹಾಕಿ. ಬಾಯಿ ಜಾರಿದರೆ ಸಂದಿ ಸರಿಯಿಲ್ಲ.

ಮಳೆ ಅಂದ ಕೂಡಲೇ...

ಪಟ್ಟಿಯ ವಿಷಯ ಆಯ್ಕೆಯಲ್ಲೂ ತಕರಾರು ಬರುತ್ತೆ. ‘ಮಳೆ’ ಅಂದ ಕೂಡಲೇ 2006ರ ‘ಮುಂಗಾರು ಮಳೆ’ ಬರಲೇಬೇಕಾ? ಮನೋಮೂರ್ತಿ ಅವರ ಸಂಗೀತ, ಜಯಂತ ಕಾಯ್ಕಿಣಿ, ಯೋಗರಾಜ್ ಭಟ್ ಅವರ ಸಾಹಿತ್ಯ, ಸೋನು ನಿಗಮ್ ದನಿ... ಹಾಡು ಚೆನ್ನಾಗಿಲ್ಲ ಅಂತ ಯಾರೂ ಹೇಳುವುದಿಲ್ಲ. ಆದರೆ ಕೇಳುಗ ಊಹಿಸಿದ್ದನ್ನೇ ಕೊಟ್ಟರೆ ನೀವು ಪಟ್ಟಿ ಮಾಡಿದ್ದು ಯಾಕೆ? ಆ ಕೆಲಸ ಆ್ಯಪ್ ತಾನೇ ಮಾಡುತ್ತೆ. ನೀವು ಈ ಮೊದಲು ಕೇಳಿದ್ದು, ನಿಮ್ಮಂಥವರು ಕೇಳಿದ್ದು ನೋಡಿ ಅದು ಮುಂದಿನದನ್ನು ಹಾಕುತ್ತೆ. ಅದಕ್ಕೆ ಹಾಡು ಗೊತ್ತು, ನಿಮ್ಮ ಮನೆಯ ಸೂರಿನಿಂದ ನೀರು ಸೋರುತ್ತಿದ್ದಾಗ ರೇಡಿಯೋದಲ್ಲಿ ಬರುತ್ತಿದ್ದುದು ಯಾವುದು ಅಂತ ಗೊತ್ತಿಲ್ಲ.

ನಮ್ಮಲ್ಲಿ ಬಂದ ಅತ್ಯುತ್ತಮ ಪಟ್ಟಿಗಳಲ್ಲಿ ಒಂದು ಬೆಂಗಳೂರು–ಮಂಗಳೂರು ರಸ್ತೆಯದ್ದು. ನೆಲಮಂಗಲ ದಾಟುವ ತನಕ ಟ್ರಾಫಿಕ್ಕಿನ ಸಿಟ್ಟು ಇಳಿಸುವ ಹಾಡು. ಕುಣಿಗಲ್, ಚನ್ನರಾಯಪಟ್ಟಣದ ಉದ್ದನೆ ರಸ್ತೆಗೆ ಓಟದ ಹಾಡು. ಹಾಸನದಲ್ಲಿ ಕಾಫಿಗೆ ನಿಲ್ಲಿಸಿ ಹೊರಟ ಮೇಲೆ ರಾಜನ್–ನಾಗೇಂದ್ರ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಪಿ.ಬಿ. ಶ್ರೀನಿವಾಸ್, ಯಾಕೆಂದರೆ ಆ ತಿರುವುಗಳಲ್ಲಿ ಡ್ರೈವರ್‌ಗೆ ಆತುರ ಬರಬಾರದು! ಅದಕ್ಕೂ ವಿಮರ್ಶೆ ಬಂತು. ‘ಘಾಟಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತೆ, ಡೌನ್‌ಲೋಡ್ ಮಾಡ್ಕೊಳ್ಳಿ ಅಂತ ಮೊದಲೇ ಬರೀಬೇಕಿತ್ತು.’ ಪಟ್ಟಿ ಮಾಡಿದವನು ಹೆಸರನ್ನೇ ಬದಲಾಯಿಸಿದ: ‘ಶಿರಾಡಿ (ಮನೆಯಲ್ಲೇ ಡೌನ್‌ಲೋಡ್ ಮಾಡಿ)’.

ಅಮ್ಮನ ಅಡುಗೆಮನೆ

ಈ ಆಟದ ನಿಯಮಗಳು ನಿಜವಾಗಿ ಪರೀಕ್ಷೆಗೆ ಬಂದಿದ್ದು ಪುಣೆಯ ಹುಡುಗಿಯ ಸರದಿಯಲ್ಲಿ. ಅವಳ ಊರು ಸಾಗರದ ಹತ್ತಿರ. ಅವಳ ಅಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು. ಸರದಿ ಮುಂದೆ ಹಾಕೋಣ ಅಂದರೆ ಬೇಡ ಅಂದಳು. ಪಟ್ಟಿ ಬಂತು. ಹೆಸರು ‘ಅಮ್ಮನ ಅಡುಗೆಮನೆ’. ಆಕಾಶವಾಣಿ ಭದ್ರಾವತಿ ಹಾಕುತ್ತಿದ್ದ, ಅಮ್ಮ ಒಲೆ ಮುಂದೆ ನಿಂತು ಗುನುಗುತ್ತಿದ್ದ ಹನ್ನೆರಡು ಹಾಡು. ‘ಶರಪಂಜರ’ ಇತ್ತು, ‘ಕಸ್ತೂರಿ ನಿವಾಸ’ ಇತ್ತು, ‘ಎರಡು ಕನಸು’ ಇತ್ತು.

ಆ ಭಾನುವಾರ ಕಾಫಿ ಲೋಟಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ‘ಒಂದು ಹೋಗಲಿ’ ಅಂತ ಯಾರು ಹೇಳುತ್ತಾರೆ? ತಾಯಿಯ ಹಾಡಿನ ಪಟ್ಟಿಯಿಂದ ಯಾವುದನ್ನು ತೆಗೆಯೋದು? ಒಬ್ಬರು ‘ತುಂಬಾ ಚೆನ್ನಾಗಿದೆಯಮ್ಮ’ ಅಂದರು. ಇನ್ನೊಬ್ಬಳು ‘ಕಣ್ಣಲ್ಲಿ ನೀರು ಬಂತು’ ಅಂದಳು. ನಾನೂ ಅಂಥದ್ದೇ ಏನೋ ಹೇಳಲು ಮಾತು ಹುಡುಕುತ್ತಿದ್ದೆ. ಪರದೆಯ ಮೇಲೆ ಅವಳ ಮುಖ ಎಲ್ಲರಿಗೂ ‘ಥ್ಯಾಂಕ್ಸ್’ ಅಂತ ಹೇಳಿ ಹೇಳಿ ದಣಿದ ಹಾಗೆ ಕಾಣುತ್ತಿತ್ತು.

ಆಗ ಸಾರ್ ಕೆಮ್ಮಿದರು. ‘ಏಳನೇ ಹಾಡು ತೆಗೀಬೇಕು ಪುಟ್ಟಾ.’

ಎಲ್ಲರೂ ಅವರ ಕಡೆ ತಿರುಗಿದರು.

‘ಅದು ಜಾನಕಿಯಮ್ಮ ಹಾಡಿದ್ದಲ್ಲ. ಸಿನಿಮಾ ಹೆಸರು, ಪೋಸ್ಟರು ಅದೇ ಇದೆ, ಆದ್ರೆ ಆಮೇಲೆ ಯಾರೋ ಹಾಡಿ ಬಿಟ್ಟಿರೋದು. ಕೀಬೋರ್ಡಿನಲ್ಲಿ ಕೊಳಲು ನುಡಿಸಿದಾರೆ. ನಿಮ್ಮಮ್ಮ ಕೇಳಿದ್ದು ಇದಲ್ಲ.’

ಹಳೆಯ ಹಾಡುಗಳ ಹುಚ್ಚಿರುವವರಿಗೆ ಇದು ಗೊತ್ತಿರುವ ವಿಷಯ. ಜನಪ್ರಿಯ ಹಾಡುಗಳನ್ನು ಬೇರೆ ಗಾಯಕರಿಂದ ಮತ್ತೆ ಹಾಡಿಸಿ ಕ್ಯಾಸೆಟ್ ಮಾಡುವ ಪದ್ಧತಿ ಮೊದಲಿಂದಲೂ ಇತ್ತು. ಅವೂ ಈಗ ಆ್ಯಪ್‌ಗಳಲ್ಲಿ ಸೇರಿಕೊಂಡಿವೆ. ಹುಡುಕಿದಾಗ ಕೆಲವು ಸಲ ಅವೇ ಮೊದಲು ಸಿಗುತ್ತವೆ.

ಪರದೆಯಲ್ಲಿ ಹುಡುಗಿ ಸುಮ್ಮನಿದ್ದಳು. ಆಮೇಲೆ ಹೇಳಿದಳು: ‘ಸಾರ್, ಆ ಹಾಡು ಬಂದಾಗೆಲ್ಲ ಏನೋ ಸರಿಯಿಲ್ಲ ಅನ್ನಿಸ್ತಿತ್ತು. ಅಮ್ಮ ಇಲ್ಲ ಅಲ್ವಾ, ಅದಕ್ಕೇ ಹಾಗನ್ಸುತ್ತೆ ಅಂದ್ಕೊಂಡಿದ್ದೆ.’

ಸಾರ್ ಮೂಲ ಹಾಡನ್ನು ಹುಡುಕಿ ಕಳಿಸಿದರು. ಅಲ್ಲೇ ಹಾಕಿದೆವು. ಎಸ್. ಜಾನಕಿ ದನಿ ಶುರುವಾದ ಕೂಡಲೇ ಅವಳು ಕಣ್ಣು ಮುಚ್ಚಿಕೊಂಡಳು. ಹಾಡು ಮುಗಿಯುವ ತನಕ ತೆರೆಯಲಿಲ್ಲ.

ಸಾರ್ ಅಷ್ಟಕ್ಕೇ ಬಿಡಲಿಲ್ಲ. ‘ಇನ್ನೊಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಹನ್ನೆರಡರಲ್ಲಿ ಹತ್ತು ಅಳೋ ಹಾಡು. ನಿಮ್ಮಮ್ಮ ಅಡುಗೆಮನೇಲಿ ನಗ್ತಾನೇ ಇರ್ಲಿಲ್ವಾ?’

ಅವಳು ಮೊದಲು ಅತ್ತಳು. ಆಮೇಲೆ ನಕ್ಕಳು. ಮಿಕ್ಸಿ ಹಾಕಿದಾಗ ರೇಡಿಯೋ ಕೇಳುವುದಿಲ್ಲವಲ್ಲ, ಆಗ ಮಿಕ್ಸಿಯ ಸದ್ದನ್ನೂ ಮೀರಿಸಿ ಅಮ್ಮ ‘ಸಂಪತ್ತಿಗೆ ಸವಾಲ್’ ಸಿನಿಮಾದ ಎಮ್ಮೆ ಹಾಡನ್ನು ಗಂಟಲು ಹರಿಯುವ ಹಾಗೆ ಹಾಡುತ್ತಿದ್ದರಂತೆ. 1974ರಲ್ಲಿ ಬಂದ ಆ ಸಿನಿಮಾದಲ್ಲಿ ರಾಜ್‌ಕುಮಾರ್ ತಾವೇ ಹಾಡಿದ್ದು, ಆಮೇಲೆ ಅವರು ಗಾಯಕರಾಗಿಯೂ ಬೆಳೆದದ್ದು ಎಲ್ಲರಿಗೂ ಗೊತ್ತು. ಜಿ.ಕೆ. ವೆಂಕಟೇಶ್ ಸಂಗೀತ. ‘ಅಪ್ಪ ಹಿತ್ತಲಿನಿಂದ, ಏನೇ ಅದು, ದನ ಹೆದರ್ತಾವೆ ಅಂತ ಕೂಗ್ತಿದ್ರು’ ಅಂದಳು. ಆ ಹಾಡು ಐದನೇ ಜಾಗಕ್ಕೆ ಬಂತು. ಈ ಐದನೇ ಹಾಡು ಯಾಕಿದೆ ಅಂತ ಯಾರೂ ಕೇಳಲಿಲ್ಲ.

ಸಾಂತ್ವನ ಹೇಳಿದವರು ಆ ಎರಡು ತಿಂಗಳಲ್ಲಿ ಅವಳಿಗೆ ನೂರಾರು ಜನ ಸಿಕ್ಕಿದ್ದರು. ಅವಳ ಅಮ್ಮ ಯಾವ ಹಾಡನ್ನು ಕೇಳಿರಲು ಸಾಧ್ಯವಿಲ್ಲ ಅಂತ ಗಮನಿಸಿದವರು ಒಬ್ಬರೇ. ಆವತ್ತಿನಿಂದ ನಮ್ಮ ಗುಂಪಿನಲ್ಲಿ ವಿಮರ್ಶೆಗೆ ಯಾರೂ ಹಿಂಜರಿದಿಲ್ಲ. ಯಾರಾದರೂ ‘ಎಲ್ಲಾ ಚೆನ್ನಾಗಿದೆ’ ಅಂದರೆ, ‘ಹಾಗಾದ್ರೆ ನೀನು ಕೇಳಿಲ್ಲ’ ಅಂತ ಪುಣೆಯಿಂದಲೇ ಜೋರು ದನಿ ಬರುತ್ತೆ.

ನೀವೂ ಶುರು ಮಾಡಬಹುದು

ಇದಕ್ಕೆ ಸಂಗೀತ ಜ್ಞಾನ ಬೇಕಿಲ್ಲ. ನಾಲ್ಕೈದು ಜನ ಸಾಕು. ಆಫೀಸಿನ ಲಂಚ್ ಟೇಬಲ್ ಸಾಕು. ನಮ್ಮ ಅನುಭವದಿಂದ ಕೆಲವು ಮಾತು ಹೇಳಬಹುದು.

ಹಾಡುಗಳ ಮಿತಿ ಮೊದಲೇ ಗೊತ್ತುಮಾಡಿಕೊಳ್ಳಿ. ಹನ್ನೆರಡು ಜಾಸ್ತಿ ಅನ್ನಿಸಿದರೆ ಎಂಟು ಇರಲಿ. 45 ನಿಮಿಷ ಮೀರಿದರೆ ಕೆಲಸಕ್ಕೆ ಹೋಗುವವರು ಪೂರ್ತಿ ಕೇಳುವುದಿಲ್ಲ. ಮನೆಯಿಂದ ಆಫೀಸಿನ ಒಂದು ಪ್ರಯಾಣಕ್ಕೆ ಹೊಂದುವಷ್ಟಿದ್ದರೆ ಸರಿ.

ಪಟ್ಟಿಗೆ ‘ಹಳೇ ಹಾಡುಗಳು’ ಅಂತ ಹೆಸರಿಡಬೇಡಿ. ಹೆಸರು ಒಂದು ಪ್ರಶ್ನೆಗೆ ಉತ್ತರ ಕೊಡುವಂತಿರಲಿ: ಎಲ್ಲಿ ಕೇಳಿದ್ದು, ಯಾರ ಜೊತೆ ಕೇಳಿದ್ದು, ಯಾವಾಗ ಕೇಳಬೇಕು? ‘ಹಿಂದಿನ ಸೀಟು’, ‘ಅಮ್ಮನ ಅಡುಗೆಮನೆ’ ಅಂದಾಗ ಅರ್ಧ ಕೆಲಸ ಹೆಸರೇ ಮಾಡುತ್ತೆ.

ಹಾಡಿನ ಪಕ್ಕ ಸಿನಿಮಾ, ವರ್ಷ, ಗಾಯಕರು, ಸಂಗೀತ ನಿರ್ದೇಶಕರು, ಸಾಹಿತ್ಯ ಬರೆದವರು, ಇಷ್ಟನ್ನು ಬೇರೆ ಕಡೆ ಬರೆದಿಡಿ. ಆ್ಯಪ್‌ಗಳಲ್ಲಿ ಈ ವಿವರ ಎಷ್ಟೋ ಸಲ ತಪ್ಪಿರುತ್ತೆ, ಸಾಹಿತ್ಯ ಬರೆದವರ ಹೆಸರಂತೂ ಕಾಣುವುದೇ ಅಪರೂಪ. ಹಕ್ಕಿನ ಒಪ್ಪಂದ ಮುಗಿದರೆ ಹಾಡೇ ಒಂದು ದಿನ ಬೂದು ಬಣ್ಣಕ್ಕೆ ತಿರುಗಿ ಒತ್ತಿದರೂ ಹಾಡುವುದಿಲ್ಲ. ಆಗ ಏನಿತ್ತು ಅನ್ನೋದು ನಿಮ್ಮ ಚೀಟಿಯಿಂದಲೇ ಗೊತ್ತಾಗಬೇಕು.

ಸಿನಿಮಾದಲ್ಲೇ ನಿಲ್ಲಬೇಡಿ. 1978ರಲ್ಲಿ ಬಂದ, ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ದಿಂದ ಶುರುವಾದ ಭಾವಗೀತೆ ಕ್ಯಾಸೆಟ್ಟುಗಳ ದೊಡ್ಡ ಭಂಡಾರವೇ ಇದೆ. ಸಿ. ಅಶ್ವತ್ಥ್ ಇದ್ದಾರೆ, ‘ಕಾಡು ಕುದುರೆ’ಯ ಹಾಡಿಗೆ ರಾಷ್ಟ್ರಪ್ರಶಸ್ತಿ ತಂದ ಶಿವಮೊಗ್ಗ ಸುಬ್ಬಣ್ಣ ಇದ್ದಾರೆ. ಈಚೆಗೆ ಬಂದರೆ ಅಜನೀಶ್ ಲೋಕನಾಥ್, ಚರಣ್ ರಾಜ್ ಇದ್ದಾರೆ. ಹಳಬರು ಹೊಸದನ್ನು, ಹೊಸಬರು ಹಳೆಯದನ್ನು ಕೇಳುವುದು ಇಂಥ ಕಡೆ ಮಾತ್ರ. ‘ಉಳಿದವರು ಕಂಡಂತೆ’ ಹಾಡುಗಳನ್ನು ಸಾರ್ ಮೊದಲ ಸಲ ಕೇಳಿದ್ದು ನಮ್ಮ ಪಟ್ಟಿಯಲ್ಲೇ. ಕೇಳಿ, ‘ಇವನು ಯಾರಪ್ಪಾ, ಸುಮ್ಮನಿರೋದು ಎಲ್ಲಿ ಅಂತ ಗೊತ್ತಿದೆ ಇವನಿಗೆ’ ಅಂದರು.

ಕೊನೆಯದಾಗಿ, ವಿಮರ್ಶೆ ಕೇಳಿದ ಮೇಲೆ ಪಟ್ಟಿ ಬದಲಾಯಿಸಲೇಬೇಕು ಅಂತಿಲ್ಲ. ಪಟ್ಟಿ ನಿಮ್ಮದು. ಎಂಟು ಜನ ತೆಗಿ ಅಂದರೂ ಉಳಿಸಿಕೊಳ್ಳುವ ಒಂದು ಹಾಡು ಪ್ರತಿ ಪಟ್ಟಿಯಲ್ಲೂ ಇರುತ್ತೆ. ಯಾಕೆ ಅಂತ ಹೇಳಲು ಬಂದರೆ ಹೇಳಿ. ಬರದಿದ್ದರೆ, ಇನ್ನೊಂದು ಸಲ ಹಾಕಿ ಕೇಳಿಸಿ.

ಇವತ್ತು ಸಂಜೆ ಬಸ್ಸಿನಲ್ಲೋ ಮೆಟ್ರೋದಲ್ಲೋ ನಿಮ್ಮ ಫೋನಿನ ಪಟ್ಟಿಯೊಂದನ್ನು ತೆರೆದು ನೋಡಿ. ಹನ್ನೆರಡಕ್ಕೆ ಇಳಿಸಿ. ಸಾಲಾಗಿ ಜೋಡಿಸಿ. ಹೆಬ್ಬೆರಳು ಎತ್ತಿ ಸುಮ್ಮನಾಗದ ಒಬ್ಬರಿಗೆ ಕಳಿಸಿ. ಜೊತೆಗೆ ಇಷ್ಟು ಬರೆಯಿರಿ: ‘ಇದರಲ್ಲಿ ಒಂದು ತೆಗೀಬೇಕು. ಯಾವುದು ಹೇಳು?’